ಕರಪತ್ರದಲ್ಲಿ ಇಲ್ಲದ ಹೆಸರು

೧೨ ಮಾರ್ಚ್, ಬುಧವಾರ

ಅಡರಕಟ್ಟಿ ಊರಿನವರ ನಾಟಕದ ನನ್ನ ವಿಮರ್ಶೆ ಇಂದು ಅಚ್ಚಾಯಿತು. ಊರ ಗಂಡಸರ ಹೆಸರೆಲ್ಲ ಇವೆ. ಹೆಣ್ಣು ಪಾತ್ರಕ್ಕೆಂದು ಹೊರಗಿನಿಂದ ಕರೆಸಿದ, ಇಡೀ ನಾಟಕವನ್ನು ಹೊತ್ತ ನಟಿ ಮಾತ್ರ ‘ಗದಗಿನ ಕಲಾವಿದೆ’. ಕರಪತ್ರದಲ್ಲಿ ಹಾಗೇ ಇತ್ತು. ಸಂಕೋಚದಿಂದ ನಾನೂ ಹೆಸರು ಕೇಳಿರಲಿಲ್ಲ.

ಸಂಜೆ ಬೆಟಗೇರಿಯಲ್ಲಿ ಬಸ್ಸಿಗೆ ಕಾಯುವಾಗ ಆ ನಟಿಯೇ ಸಿಕ್ಕರು, ಕೈಯಲ್ಲಿ ಪೇಪರ್ ಹಿಡಿದು.

“ನಾ ಅತ್ತಿದ್ದೆಲ್ಲಾ ಬರದೀಯವ್ವಾ, ಹೆಸರು ಬರಿಯಾಕ ಶಾಯಿ ಮುಗೀತೇನು?” ಎಂದು ನಕ್ಕರು.

“ತಪ್ಪಾತ್ರಿ. ನಿಮ್ಮ ಹೆಸರೇನ್ರಿ?”

“ಮರಿಯವ್ವ. ಇಪ್ಪತ್ತು ವರ್ಷದಾಗ ಪೇಪರಿನವರು ಯಾರೂ ಕೇಳಿದ್ದಿಲ್ಲ ನೋಡು.”

ಸಂಪಾದಕರಿಗೆ ಫೋನ್ ಮಾಡಿದೆ. “ಅಷ್ಟಕ್ಕ ತಿದ್ದುಪಡಿ ಯಾಕ? ಬಿಡವಾ” ಅಂದರು. ಬಿಡುವುದಿಲ್ಲ ಅಂದೆ.

ಶನಿವಾರ ಕೊರ್ಲಹಳ್ಳಿಯಲ್ಲಿ ಆ ನಟಿ ಅಭಿನಯಿಸುವ ಇನ್ನೊಂದು ನಾಟಕ. ವಿಮರ್ಶೆಯ ಮೊದಲ ಪದ ಈಗಲೇ ಬರೆದಿಟ್ಟಿದ್ದೇನೆ: ಮರಿಯವ್ವ. ಉಳಿದದ್ದನ್ನು ನೋಡಿ ಬರೆಯುತ್ತೇನೆ.