ಬಾವಿಗೆ ಇಳಿಸುವ ಗುಳಿಗೆ

ಜೋರಾಪುರ ಪೇಟೆ, ವಿಜಾಪುರ
೧೧-೩-೧೯೬೮, ಸೋಮವಾರ

ಪ್ರೀತಿಯ ತಮ್ಮ ದಶರಥನಿಗೆ,

ನಿನ್ನ ಅಕ್ಕ ರೇಣವ್ವ ಕೇಳುವುದೇನೆಂದರೆ, ಮೈ ಹೇಗಿದೆ? ರೊಟ್ಟಿ ಸೇರುತ್ತದೆಯೇ? ನಡೆಯುವಾಗ ಕಾಲು ತೂರಾಡುತ್ತವೆಯೇ? ಮಾತು ತೊದಲುತ್ತದೆಯೇ? ಆರಾಮ ಇದ್ದೇನೆ ಎಂದು ಬರೆಯಬೇಡ, ಕೇಳಿದ್ದಕ್ಕೆ ಉತ್ತರ ಕೊಡು. ಅವ್ವ ಗಟ್ಟಿಯಾಗಿದ್ದಾಳೆ, ದಿನಕ್ಕೆರಡು ಸಲ ನಿನ್ನ ಹೆಸರು ಹಿಡಿದು ಬೈಯುತ್ತಾಳೆ.

ಹೋದ ವಾರ ಬಂದ ನಿನ್ನ ಕಾಗದದ ಮೇಲೆ ನನಗೆ ನಂಬಿಕೆ ಇಲ್ಲ. ಅಕ್ಷರ ನಿನ್ನದೇ. ಆದರೆ ಕೂಲಿಯ ಜಗಳವಿಲ್ಲ, ಕನಮಡಿಯ ಬಿಸಿಲಿಗೆ ಬೈಗುಳವಿಲ್ಲ, ಗುತ್ತಿಗೆದಾರ ಶಿವಗೊಂಡಪ್ಪ ದೇವರಂಥವರು ಎಂದು ಎರಡು ಕಡೆ ಬರೆದಿದ್ದೀ. ಬಾವಿ ತೋಡುವವರ ಸಭೆಯಲ್ಲಿ ಅದೇ ಮನುಷ್ಯನ ಎದುರು ನಿಂತು ಲೆಕ್ಕ ಕೇಳಿದವನು ನೀನು. ಈ ಕಾಗದ ಅವನು ಬರೆಸಿದನೋ, ಅವನು ಕೊಡುವ ಗುಳಿಗೆ ಬರೆಸಿತೋ?

ಗುಳಿಗೆಯಿಂದ ಗುಣವೇ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಬಲೇಶ್ವರದ ಬಾವಿಯಲ್ಲಿ ದಂಡೆ ಕುಸಿದು ನಿನ್ನ ಜೊತೆಗಾರ ಅಮಸಿದ್ದ ನಿನ್ನ ಪಕ್ಕದಲ್ಲೇ ಸತ್ತ. ಎದೆಮಟ್ಟದ ಮಣ್ಣಿನಿಂದ ನಿನ್ನನ್ನು ಅಗೆದು ತೆಗೆದರು. ಆಮೇಲೆ ಓಣಿಯ ಬಾವಿಯಲ್ಲಿ ನೀರು ಸೇದುವ ಗಡಗಡಿ ಸದ್ದಾದರೂ ಎದೆ ಹಿಡಿದು ಕೂತುಬಿಡುತ್ತಿದ್ದೆ. ಬೆವರು ಇಳಿಯುತ್ತಿತ್ತು, ಉಸಿರು ಸಿಗುತ್ತಿರಲಿಲ್ಲ, ಈಗಲೇ ಸಾಯುತ್ತೇನೆ ಅನ್ನುತ್ತಿದ್ದೆ. ಡಾಕ್ಟರು ಹೊಸದಾಗಿ ಬಂದಿರುವ ಡಯಾಜೆಪಾಮ್ ಎಂಬ ಗುಳಿಗೆ ಬರೆದುಕೊಟ್ಟ ಮೇಲೆ ನೀನು ತಿಂಗಳಲ್ಲಿ ಮೊದಲ ಸಲ ಕಣ್ಣು ತುಂಬ ನಿದ್ದೆ ಮಾಡಿದೆ. ನಾನೇ ಅವರಿಗೆ ಕೈ ಮುಗಿದೆ. ಆದರೆ ಚೀಟಿಯಲ್ಲಿ ಇದ್ದದ್ದು ಮಲಗುವಾಗ ಒಂದು, ಅದೂ ಎರಡೇ ವಾರ. "ಇದನ್ನ ತಗೊಂಡು ಬಾವಿಗೆ ಇಳಿಬ್ಯಾಡಪ್ಪಾ" ಎಂದು ಡಾಕ್ಟರು ಹೇಳಿದ್ದನ್ನು ಪಕ್ಕದಲ್ಲೇ ಕೂತಿದ್ದ ಶಿವಗೊಂಡಪ್ಪ ಕೇಳಿಸಿಕೊಂಡಿದ್ದ. ಆಗಲೇ ನನಗೆ ಸಂಶಯ ಬರಬೇಕಿತ್ತು. ಅಮಸಿದ್ದನ ಹೆಂಡತಿಗೆ ಒಂದು ಸೀರೆ ಕೊಡದವನು ನಿನ್ನ ಔಷಧಿಗೆ ಏಕೆ ಕೈ ಬಿಚ್ಚಿದ?

ಇವತ್ತು ಹಗ್ಗ ಕೊಳ್ಳಲು ಪೇಟೆಗೆ ಬಂದ ದಾದಾಸಾಬ ನಮ್ಮ ಮನೆಗೂ ಬಂದ. ಮೇಲೆ ನಿಂತು ನಿನ್ನನ್ನು ಬಾವಿಗೆ ಬಿಡುವವನು, ಎಳೆದು ತೆಗೆಯುವವನು ಅವನೇ. ಅವನ ಮಾತು ನಂಬುತ್ತೇನೆ. ಗುಳಿಗೆಯ ಡಬ್ಬಿ ಶಿವಗೊಂಡಪ್ಪನ ಕಿಸೆಯಲ್ಲೇ ಇರುತ್ತದಂತೆ. ಮುಂಜಾನೆ ಎರಡು ಕೊಟ್ಟು, ನುಂಗಿದೆಯೋ ಇಲ್ಲವೋ ಎಂದು ಬಾಯಿ ತೆರೆಸಿ ನೋಡುತ್ತಾನಂತೆ. ನಾಲ್ಕು ತಿಂಗಳಿಂದ ಇದೇ ನಡೆದಿದೆಯಂತೆ. "ಅಕ್ಕಾ, ಮೊನ್ನಿ ದಶರಥ ಬಾವ್ಯಾಗ ಕಲ್ಲ ಸಿಡಿಸೋ ಸುರುಂಗದ ಬತ್ತಿ ಹಚ್ಚಿ, ಬೀಡಿ ಹಚ್ಚಿದವರಂಗ ಅಲ್ಲೇ ನಿಂತಿದ್ದ. ನಾ ಮೂರು ಸಲ ಒದರಿದ ಮ್ಯಾಲೆ ಹಗ್ಗಕ್ಕ ಕೈ ಹಾಕ್ಯಾನ. ಅವ ಮ್ಯಾಲೆ ಬಂದು ನಗಾಕತ್ತಿದ್ದ" ಅಂದ.

ತಿಳಿಯಿತೇ ತಮ್ಮಾ? ದಂಡೆಗೆ ಕಟ್ಟಿಗೆಯ ಆಸರೆ ಕೊಡಿಸಿದರೆ ಅವನಿಗೆ ಖರ್ಚು, ಕೆಲಸ ತಡ. ಗುಳಿಗೆ ಸಸ್ತಾ. ಮೇಲಿಂದ ಹಿಡಿ ಮಣ್ಣು ಉದುರಿದರೆ ತಲೆ ಎತ್ತಿ ನೋಡುವವನು ಹೆದರಿಕೆ ಇದ್ದವನು. ಆ ಹೆದರಿಕೆಯನ್ನೇ ನಿನ್ನಿಂದ ಕಿತ್ತುಕೊಂಡು ನಿನ್ನನ್ನು ಕೆಳಗೆ ಬಿಡುತ್ತಿದ್ದಾನೆ. ಡಬ್ಬಿ ಕಸಿದು ಎಸೆ. ನಾಳೆಯಿಂದ ಒಂದೂ ಮುಟ್ಟಬೇಡ.

ಅವ್ವ ನಿನ್ನ ತಲೆ ನೇವರಿಸಿದಳೆಂದು ತಿಳಿ. ಜೈಭೀಮ.

ನಿನ್ನ ಅಕ್ಕ,
ರೇಣವ್ವ

ತಾ.ಕ.: ಕನಮಡಿ ಬಸ್ಸಿಗೆ ಹೊತ್ತಾಯಿತು, ಈ ಕಾಗದ ಒಯ್ಯುವ ದಾದಾಸಾಬ ಬಾಗಿಲಲ್ಲಿ ಅವಸರ ಮಾಡುತ್ತಿದ್ದಾನೆ. ಕಾಗದ ಮುಗಿಸಿ ಡಾಕ್ಟರ ಜೊತೆ ಜಗಳಕ್ಕೆ ಹೋಗಿದ್ದೆ. ನಾಲ್ಕು ತಿಂಗಳು, ದಿನಕ್ಕೆರಡು ಎಂದಾಗ ಅವರ ಮುಖ ಕಪ್ಪಿಟ್ಟಿತು. "ಒಮ್ಮಿಗೇ ಬಿಡಿಸಬ್ಯಾಡವ್ವಾ. ಮೈಗೆ ಹತ್ತಿಬಿಟ್ಟೈತಿ. ಫಟ್ಟನ ಬಿಟ್ಟರ ಫಿಟ್ಸ ಬರ್ತಾವ, ಜೀವಾನೂ ಹೋಗಬಹುದು" ಅಂದರು. ಎಸೆ, ಮುಟ್ಟಬೇಡ ಎಂದ ಸಾಲುಗಳನ್ನು ಹೊಡೆದುಹಾಕಿದ್ದೇನೆ. ಅದು ನನ್ನ ಸಿಟ್ಟು, ತಪ್ಪು ನನ್ನದು. ವಾರಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ತಾವೇ ಕಡಿಮೆ ಮಾಡಿ ಬಿಡಿಸುತ್ತಾರಂತೆ. ಅಲ್ಲಿಯವರೆಗೆ ಹೆಂಡ ಮುಟ್ಟಬೇಡ. ನಾಳೆ ಮುಂಜಾನೆ ಶಿವಗೊಂಡಪ್ಪ ಕೊಟ್ಟದ್ದನ್ನು ನುಂಗು, ಡಬ್ಬಿಯನ್ನು ಕೈಗೆ ತೆಗೆದುಕೋ. ಕೊಡದಿದ್ದರೆ ದಾದಾಸಾಬ ನೋಡಿಕೊಳ್ಳುತ್ತಾನೆ. ಬಾವಿ ತೋಡಲೇಬೇಕಿದ್ದರೆ ಶಿವಗೊಂಡಪ್ಪ ತಾನೇ ಎರಡು ನುಂಗಿ ಇಳಿಯಲಿ. ನೀನು ಬಾವಿಯ ಕಡೆ ಹೋಗದೆ, ಮೊದಲ ಬಸ್ಸಿಗೆ ಹತ್ತಿ ಬಾ.