ಜಾವಗಲ್ಲಿನ ಡೇರೆಯಲ್ಲಿ ಎದ್ದು ನಿಂತವನು

ಬೇಲೂರು
೧೮ ಜನವರಿ ೧೯೬೧

ಚಿರಂಜೀವಿ ವೇದವಲ್ಲಿಗೆ ನಿನ್ನ ತಂದೆ ಪಾರ್ಥಸಾರಥಿ ಮಾಡುವ ಆಶೀರ್ವಾದಗಳು.

ನಿನ್ನ ಆರೋಗ್ಯ ಹೇಗಿದೆ? ಮದರಾಸಿನ ಹವೆ ಒಗ್ಗುತ್ತಿಲ್ಲವೆಂದು ನಿನ್ನ ಅಮ್ಮನಿಗೆ ಬರೆದಿದ್ದೆಯಲ್ಲ, ತಿಳಿಯಿತು. ನಾನೇನು ಕೇಳಿಸಿಕೊಳ್ಳಬೇಕೆಂದು ಕೂತಿರಲಿಲ್ಲ. ಅವಳು ನಡುಮನೆಯಲ್ಲಿ ಗಟ್ಟಿಯಾಗಿ ಓದಿದರೆ ಜಗಲಿಯಲ್ಲಿದ್ದವನು ಕಿವಿ ಮುಚ್ಚಿಕೊಳ್ಳಲಾದೀತೇ? ಮಂಡಿನೋವು ಬಿಟ್ಟರೆ ಅವಳು ಕ್ಷೇಮ. ನಾನೂ ಕ್ಷೇಮವೆಂದು ಬರೆಯುವುದು ರೂಢಿ, ಆದರೆ ಈಚೆಗೆ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಇಷ್ಟು ಬರೆಯುವಷ್ಟರಲ್ಲಿ ಎದ್ದು ಬೀದಿಬಾಗಿಲವರೆಗೆ ಹೋಗಿ ಬಂದದ್ದಾಯಿತು. ಮೊನ್ನೆ ಮಡಪಳ್ಳಿಯಲ್ಲಿ ಪೊಂಗಲಿಗೆ ಎರಡು ಸಲ ಉಪ್ಪು ಹಾಕಿದೆನಂತೆ. ನಮ್ಮ ದೇವಸ್ಥಾನದ ಅಡಿಗೆಮನೆಯ ಪದ್ಧತಿ ನಿನಗೆ ಗೊತ್ತೇ ಇದೆ, ನೈವೇದ್ಯಕ್ಕೆ ಮುಂಚೆ ಯಾರೂ ರುಚಿ ನೋಡುವಂತಿಲ್ಲ. ಹಾಗಾಗಿ ಆ ಉಪ್ಪು ಮೊದಲು ಚೆನ್ನಕೇಶವನಿಗೇ ಗೊತ್ತಾಯಿತು, ಆಮೇಲೆ ಪ್ರಸಾದ ತಿಂದ ಊರಿನವರಿಗೆ.

ಅರಸೀಕೆರೆಯ ಸೋದರತ್ತೆಯ ಮನೆಯಲ್ಲಿದ್ದ ನೀನು ಅಲ್ಲಿ ಬೀಡುಬಿಟ್ಟಿದ್ದ ನಾಟಕ ಕಂಪನಿಯವರ ಜೊತೆ ರೈಲು ಹತ್ತಿ ಒಂಬತ್ತು ವರ್ಷವಾಯಿತು. ಆವತ್ತು ದಾಯಾದಿಗಳೆಲ್ಲರ ಎದುರಿಗೆ, ಅವಳು ಈ ಮನೆಯ ಹೊಸಿಲು ತುಳಿದ ದಿನ ನಾನು ಮಡಪಳ್ಳಿಯ ಸೌಟು ಕೆಳಗಿಡುತ್ತೇನೆ ಎಂದು ಮಾತು ಕೊಟ್ಟೆ. ನಿನ್ನ ಹೆಸರೆತ್ತಿದವರ ಬಾಯಿ ಮುಚ್ಚಿಸಿದೆ. ಆದರೆ ನಿನ್ನ ಸುದ್ದಿಯಿಂದ ತಪ್ಪಿಸಿಕೊಂಡು ತಿರುಗುವುದು ಸುಲಭವಿತ್ತೇ? ನಾಟಕ ಬಿಟ್ಟು ಸಿನಿಮಾಕ್ಕೆ ಹೋದ ಮೇಲೆ ಮೊದಮೊದಲು ರಾಣಿಯ ಹಿಂದೆ ನಿಂತು ಚಾಮರ ಬೀಸುವ ಸಖಿಯಾಗಿದ್ದೆಯಂತೆ. ಆಮೇಲೆ ಯಾರೋ ಪುಣ್ಯಾತ್ಮರು ನಿನಗೆ ಪದ್ಮಲೋಚನಾ ಎಂದು ಹೆಸರಿಟ್ಟು ನಾಯಕಿ ಮಾಡಿದರು. ನಾನಿಟ್ಟ ಹೆಸರಿಗೆ ಏನು ಬಂದಿತ್ತು ಕೇಡು? ಹಾಸನದ ಗೋಡೆಗಳ ಮೇಲೆಲ್ಲ ನಿನ್ನ ಮುಖ ಬಂತು. ಒಮ್ಮೆ ಬಿಕ್ಕೋಡಿನ ಬಸ್ಸಿನ ಹಿಂಭಾಗಕ್ಕೆ ಅಂಟಿಸಿದ್ದ ನಿನ್ನ ಚಿತ್ರಕ್ಕೆ ಕೆಸರು ಸಿಡಿದಿತ್ತು. ಉತ್ತರೀಯದಿಂದ ಒರೆಸಲು ಹೋದವನು ಯಾರೋ ನೋಡಿದರೆಂದು ಕೈ ಹಿಂದೆ ತೆಗೆದೆ. ಈಗ ಇಪ್ಪತ್ತೇಳನೇ ವಯಸ್ಸಿಗೇ ನಿನಗೆ ಅತ್ತಿಗೆಯ ಪಾತ್ರ. ನಿನಗಿಂತ ಹತ್ತು ವರ್ಷ ದೊಡ್ಡವನಾದ ನಾಯಕ ಅತ್ತಿಗೇ ಎಂದು ಬಂದು ನಿನ್ನ ಕಾಲಿಗೆ ಬೀಳುವುದನ್ನು ನೋಡಿ ನಗುವೂ ಬಂತು, ಕೋಪವೂ ಬಂತು.

ನೋಡಿದ್ದು ಎಲ್ಲಿ ಎನ್ನುತ್ತೀಯೋ? ಬೇಲೂರಿನಲ್ಲಿ ನೋಡುವ ಧೈರ್ಯವಿಲ್ಲದೆ, ನರಸಿಂಹಸ್ವಾಮಿಯ ದರ್ಶನಕ್ಕೆಂದು ಹೇಳಿ ಜಾವಗಲ್ಲಿನ ಬಸ್ಸು ಹತ್ತಿದೆ. ಸುಳ್ಳಾಗಬಾರದೆಂದು ದರ್ಶನವನ್ನೂ ಮಾಡಿದೆ. ಸಂಜೆ ಮೊದಲನೇ ಆಟಕ್ಕೆ, ಹಣೆಯ ನಾಮ ಕಾಣದಂತೆ ಮಫ್ಲರು ಸುತ್ತಿಕೊಂಡು ಟಾಕೀಸಿನ ಡೇರೆಯೊಳಗೆ ಮರಳಿನ ಮೇಲೆ ಕೂತೆ. ನೀನು ಬಂದೆ. ನನ್ನ ತಾಯಿ ನಡೆಯುತ್ತಿದ್ದ ಹಾಗೆಯೇ ನಡೆಯುತ್ತೀಯ, ಅದು ಯಾವ ಕಂಪನಿಯವರು ಕಲಿಸಿದ್ದೂ ಅಲ್ಲ. ಅಲ್ಲಿಯವರೆಗೆ ಎಲ್ಲ ಸರಿಯಿತ್ತು. ಆಮೇಲೆ ನೆಂಟರಿಗೆ ಬಡಿಸಲು ಬಂದವಳು ಬಾಳೆಎಲೆ ಹಾಸಿದೆ ನೋಡು, ಎಲೆಯ ಕುಡಿ ಉಣ್ಣುವವರ ಬಲಗಡೆಗೆ. ಮಡಪಳ್ಳಿಯವರ ಮನೆಯ ಹೆಣ್ಣು, ಲಂಗ ಎತ್ತಿ ಕಟ್ಟಿಕೊಂಡು ಪಂಕ್ತಿಗೆಲ್ಲ ಎಲೆ ಹಾಕುತ್ತಿದ್ದವಳು ನೀನು. ನನಗೆ ಎಲ್ಲಿ ಕೂತಿದ್ದೇನೆಂಬುದೇ ಮರೆತುಹೋಯಿತು. ಎದ್ದು ನಿಂತು, “ವೇದಾ, ಕುಡಿ ಎಡಕ್ಕೆ ಬರ್ಬೇಕು ಕಣೇ, ಎಲೆ ತಿರುಗಿಸು” ಎಂದು ಕೂಗಿಬಿಟ್ಟೆ. ಡೇರೆಗೆ ಡೇರೆಯೇ ನಕ್ಕಿತು. ನೀನು ಮಾತ್ರ ತಿರುಗಿಸಲಿಲ್ಲ, ಅದರ ಮೇಲೆಯೇ ಅನ್ನ ಬಡಿಸಿದೆ.

ದೇವಸ್ಥಾನಕ್ಕೆ ತೆಂಗಿನಕಾಯಿ ಕೊಡುವ ಗಂಗಾಧರಯ್ಯ ಮುಂದೆಯೇ ಕೂತಿದ್ದ. ತಿರುಗಿ ನನ್ನ ಗುರುತು ಹಿಡಿದು, “ಸ್ವಾಮಿ, ಆಯಮ್ಮ ನಿಮ್ ಮಗಳಾ?” ಎಂದು ಕೇಳಿದ. ಇಲ್ಲವೆನ್ನಲೆಂದೇ ಬಾಯಿ ತೆರೆದೆ. ಬಂದ ಮಾತು, “ಹೌದಪ್ಪ, ನನ್ನ ಹಿರೀ ಮಗಳು.” ಒಂಬತ್ತು ವರ್ಷದ ಮೇಲೆ ಆ ಮಾತನ್ನು ನನ್ನ ಬಾಯಿಂದಲೇ ಕೇಳಿ ಅಳು ಬಂತಮ್ಮ. ಮುಂದಿನ ಕಥೆ ಏನಾಯಿತೋ ಕಾಣಲಿಲ್ಲ.

ನಾನು ಊರಿಗೆ ಬರುವ ಮುಂಚೆ ಸುದ್ದಿ ಬಂದಿತ್ತು. ನನ್ನ ದೊಡ್ಡಪ್ಪನ ಮಗ ಗೋಪಾಲಸ್ವಾಮಿ, ನೀನು ಹಳೇಬೀಡಿಗೆ ಶೂಟಿಂಗಿಗೆ ಬರುವುದನ್ನೂ ಎಲ್ಲಿಂದಲೋ ತಿಳಿದುಕೊಂಡು ಜಗಲಿಗೆ ಬಂದ. “ಆಡಿದ ಮಾತು ಮರೀಬೇಡ ಕಣೋ. ಅವಳು ಒಳಗೆ ಬಂದರೆ ನೀನು ಮಡಪಳ್ಳಿಯಿಂದ ಹೊರಗೆ” ಎಂದ. ಅವನನ್ನು ಬೈದು ಏನು ಮಾಡಲಿ, ಮಾತು ನನ್ನದೇ. ನೀನೋ, ಅಪ್ಪನ ಸೇವೆಗೆ ಕುತ್ತು ಬರುವುದಾದರೆ ಬೇಲೂರಿಗೆ ಕಾಲಿಡುವುದಿಲ್ಲ, ಅವರೇ ಒಂದು ಮಾತು ಬರೆಯಲಿ ಎಂದು ಅಮ್ಮನಿಗೆ ಬರೆದಿದ್ದೀಯಂತೆ. ಹತ್ತು ಮೈಲಿ ದೂರದಲ್ಲಿ ಹದಿನೈದು ದಿನ ಇದ್ದು ಹಾಗೇ ಹೋಗುತ್ತೀಯಾ? ಬಾ ಎಂದು ಬರೆದರೆ ತಾತನ ಕಾಲದಿಂದ ಬಂದ ಸೇವೆ ನನ್ನ ಕೈಯಲ್ಲಿ ಮುಗಿಯುತ್ತದೆ. ಬೇಡ ಎಂದು ಬರೆಯಲು ಕೈ ಏಳುವುದಿಲ್ಲ. ನಿನ್ನ ಅಮ್ಮ ಮಾತು ಬಿಟ್ಟು ಬರೀ ಬಡಿಸಿ ಹೋಗುತ್ತಿದ್ದಾಳೆ. ಯೋಚನೆ ಮಾಡಿ ತಿಳಿಸುತ್ತೇನೆ, ಸ್ವಲ್ಪ ತಾಳು.

ಹೊತ್ತಿಗೆ ಸರಿಯಾಗಿ ಊಟ ಮಾಡು. ತೆರೆಯ ಮೇಲೆ ಕೊರಳ ಮೂಳೆ ಕಾಣುತ್ತಿತ್ತು. ಚೆನ್ನಕೇಶವ ನಿನ್ನನ್ನು ಕಾಯಲಿ.

ಇತಿ,
ನಿನ್ನ ತಂದೆ
ಪಾರ್ಥಸಾರಥಿ

ಅವಸರದಲ್ಲಿ ಸೇರಿಸಿದ್ದು: ಕಾಗದ ಅಂಟಿಸದೆ ಹೊರಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನ ಹತ್ತಿರ ನಿಮ್ಮ ಸಿನಿಮಾ ಕಂಪನಿಯ ಮ್ಯಾನೇಜರು ಹಳೇಬೀಡಿನ ಬಿಡಾರಕ್ಕೆ ಅಡಿಗೆಯವರನ್ನು ಹುಡುಕುತ್ತಿದ್ದ. ನಾನು ಬರುತ್ತೇನೆಂದು ಒಪ್ಪಿಕೊಂಡೆ. ಅಲ್ಲಿಂದ ನೇರ ಮಡಪಳ್ಳಿಗೆ ಹೋಗಿ ಸೌಟನ್ನು ತಮ್ಮನ ಮಗ ಸಂಪತ್ಕುಮಾರನ ಕೈಗೆ ಕೊಟ್ಟು ಬಂದೆ. ತರಕಾರಿ ಹೆಚ್ಚಲು ನಿನ್ನ ಅಮ್ಮನೂ ಬರುತ್ತಾಳೆ, ಆಗಲೇ ಮಾತಾಡಲು ಶುರು ಮಾಡಿದ್ದಾಳೆ. ಇನ್ನು ನಮ್ಮ ಮನೆಗೆ ಬರಲು ನಿನಗೆ ಯಾರ ಅಡ್ಡಿಯೂ ಇಲ್ಲ. ನಾನು ಯಾರೆಂದು ಆ ಮ್ಯಾನೇಜರಿಗೆ ಹೇಳಿಲ್ಲ. ಅಷ್ಟು ದೊಡ್ಡವರ ನಡುವೆ ಅಡಿಗೆಯವನನ್ನು ಅಪ್ಪಾ ಎನ್ನಲು ನಿನಗೆ ಸಂಕೋಚವಾದರೆ ಅನ್ನಬೇಡ. ನಾನು ಬಡಿಸಲು ಬಂದಾಗ, ಇನ್ನೊಂದಿಷ್ಟು ಹಾಕಿ ಅಂತ ಮಾತ್ರ ಕೇಳು.