ನನ್ನ ಹೆಸರಿಗೇ

ಮಂಗಳವಾರ, ೧೧ ನವೆಂಬರ್ ೨೦೨೫, ವಡೋದರಾ

ಅಣ್ಣನ ನಗು ಇನ್ನೂ ಕಿವಿಯಲ್ಲಿದೆ. "ಮನೆ ತಕ್ಕೊಳ್ಳುದು ಅಂದ್ರೆ ಗಲ್ಲಾದಲ್ಲಿ ಕೂತ ಹಾಗಲ್ಲ ಮಾರಾಯ್ತಿ. ನನ್ನ ಹೆಸರಿಗೆ ಮಾಡುದಾದ್ರೆ ದುಡ್ಡು ನಾನು ಹಾಕ್ತೇನೆ" ಅಂದ. ನನ್ನ ಡಿವೋರ್ಸ್ ಆದ ಮೇಲೆ ಅವನ ಮನೆಯಲ್ಲೇ ಇದ್ದು, ಸಂಬಳಕ್ಕೆ ಅವನ ಹೋಟೆಲಿನ ಗಲ್ಲಾ ನೋಡಿಕೊಳ್ಳುವವಳು ನಾನು. ಬೇಡ ಅಂದೆ.

ನಾನು ಕೊಳ್ಳಹೊರಟ ಮಂಜಲ್‌ಪುರದ ಆ ಮನೆಯನ್ನು ತೋರಿಸಿದ್ದು ಯಾವ ದಲ್ಲಾಳಿಯೂ ಅಲ್ಲ. ರಜೆಯ ದಿನಗಳಲ್ಲಿ ಬೀದಿ ಬೀದಿ ಸುತ್ತುವಾಗ, ಮಹಡಿಯ ಕಿಟಕಿಗಳೆಲ್ಲ ಮುಚ್ಚಿದ್ದನ್ನು ಕಂಡು ನಾನೇ ಬಾಗಿಲು ತಟ್ಟಿದೆ. ಕೆಳಗೆ ಮನೆಯೊಡತಿ ಹಂಸಾಬೆನ್ ಹೊಲಿಗೆ ಕ್ಲಾಸ್ ನಡೆಸುತ್ತಾರೆ. ಮನೆ ಮಾರಬೇಕು, ಕ್ಲಾಸ್ ನಿಲ್ಲಬಾರದು ಎನ್ನುವುದು ಅವರ ಹಟ. ಬಂದ ಬಿಲ್ಡರುಗಳಿಗೆಲ್ಲ ಮನೆ ಕೆಡಹುವುದೇ ಬೇಕಿತ್ತಂತೆ.

ನನ್ನ ಸಂಬಳ ನೋಡಿ ಬ್ಯಾಂಕು ಮನೆಯ ಬೆಲೆಯ ಅರ್ಧಕ್ಕಿಂತ ಹೆಚ್ಚು ಸಾಲ ಕೊಡುವುದಿಲ್ಲ ಅಂದಿತು. ಇವತ್ತು ಅದನ್ನು ಹಂಸಾಬೆನ್‌ಗೆ ನೇರವಾಗಿ ಹೇಳಿದೆ. "ಮಹಡಿಯನ್ನು ಮಕರಪುರದ ಫ್ಯಾಕ್ಟರಿ ಹುಡುಗಿಯರಿಗೆ ಬಾಡಿಗೆಗೆ ಕೊಡುತ್ತೇನೆ. ಉಳಿದರ್ಧ ಆ ಬಾಡಿಗೆಯಿಂದ ತಿಂಗಳು ತಿಂಗಳು ನಿಮಗೆ. ನಿಮ್ಮ ಕ್ಲಾಸ್ ಇಲ್ಲೇ ನಡೆಯಲಿ."

ಅವರು ಹೊಲಿಗೆ ಮಿಷಿನ್ ನಿಲ್ಲಿಸಿದರು. "ಮನೆ ಯಾರ ಹೆಸರಿಗೆ, ಬೇಟಿ?"

"ನನ್ನ ಹೆಸರಿಗೇ."

"ಹಾಗಾದರೆ ನಾಳೆಯೇ ವಕೀಲರ ಹತ್ತಿರ ಹೋಗಿ ಎಲ್ಲ ಬರೆಸೋಣ" ಅಂದವರೇ ಮತ್ತೆ ಹೊಲಿಯತೊಡಗಿದರು.

ಭಯವಿಲ್ಲ ಅಂತ ಬರೆದರೆ ಸುಳ್ಳು. ಮಹಡಿ ಖಾಲಿ ಉಳಿದರೆ ಕಂತಿಗೆ ನನ್ನ ಸಂಬಳವೆಲ್ಲ ಹೋಗುತ್ತದೆ. ಹೋಗಲಿ. ಇಷ್ಟು ವರ್ಷ ಬೇರೆಯವರ ಮನೆಯ ಕೋಣೆಯಲ್ಲಿ ಹೆದರಿಕೊಂಡೇ ಇದ್ದೆನಲ್ಲ, ಇನ್ನು ನನ್ನ ಮನೆಗಾಗಿ ಹೆದರುತ್ತೇನೆ.

ಬೆಳಿಗ್ಗೆ ಅಣ್ಣನಿಗೆ ಹೇಳುವುದು ಒಂದೇ ಮಾತು: ಇವತ್ತು ಗಲ್ಲಾದಲ್ಲಿ ನೀನೇ ಕೂತ್ಕೋ, ನಂಗೆ ವಕೀಲರ ಹತ್ರ ಹೋಗ್ಲಿಕ್ಕುಂಟು.